ಮರಳೊಳಗಿನ ಕಣ್ಣುಗಳು: ಬಿಲವಾಸಿ ಕಡಲೇಡಿಯನ್ನು ನೋಡಲು ಹೊರಟ ಡೈವರ್‌ಗಳಿಗೆ ಮಾರ್ಗದರ್ಶಿ

ಮೈಸೂರು, ಮಂಡ್ಯದ ಕಡೆಯಿಂದ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದು ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ಮೀನುಗಳನ್ನು ಬೇಕಾದಷ್ಟು ನೋಡಿದೆವು, ಆದರೆ ಮರಳಿನ ಮೇಲೆ ಒಂದು ಏಡಿಯೂ ಕಾಣಲಿಲ್ಲ, ಅವೆಲ್ಲ ಎಲ್ಲಿಗೆ ಹೋಗಿರುತ್ತವೆ? ಬಹುಪಾಲು ಸಂದರ್ಭಗಳಲ್ಲಿ ಅವು ಎಲ್ಲಿಗೂ ಹೋಗಿರುವುದಿಲ್ಲ. ನೀವು ಯಾವ ಮರಳಿನ ಮೇಲೆ ಈಜಿ ದಾಟಿದಿರೋ ಅದರೊಳಗೇ ಎರಡು ಕಣ್ಣುಗಳನ್ನಷ್ಟೇ ಹೊರಗಿಟ್ಟು ಕುಳಿತಿರುತ್ತವೆ. ಅವುಗಳನ್ನು ಕಾಣಬೇಕಾದರೆ ಮೊದಲು ನೆಲವನ್ನು ಓದಲು ಕಲಿಯಬೇಕು, ಮತ್ತು ಆ ಓದನ್ನು ನಮ್ಮ ಕಡೆಯವರು ಸಮುದ್ರಕ್ಕೆ ಹೋಗುವ ಮೊದಲೇ, ಗದ್ದೆಯ ಬದುವಿನ ಮೇಲೆ ಆರಂಭಿಸಬಹುದು ಎಂಬುದು ಈ ಲೇಖನದ ಮುಖ್ಯ ಮಾತು.

ಆರಂಭಕ್ಕೆ ಮುನ್ನ ಬೇಕಾದದ್ದು

ನೀರಿನಡಿಯಲ್ಲಿ ಸ್ವತಂತ್ರವಾಗಿ ನಿಧಾನಿಸಿ ನೋಡಲು ಓಪನ್ ವಾಟರ್ ಮಟ್ಟದ ಪ್ರಮಾಣಪತ್ರ ಬೇಕು. ಇದು 18 ಮೀಟರ್ ಆಳದವರೆಗೆ ಜೊತೆಗಾರರೊಂದಿಗೆ ಇಳಿಯಲು ಅವಕಾಶ ಕೊಡುವ ಮೊದಲ ಹಂತದ ತರಬೇತಿ. ಒಂದೇ ದಿನದ ಪರಿಚಯ ಡೈವ್‌ನಲ್ಲಿ ಬೋಧಕರು ನಿಮ್ಮನ್ನು ಹಿಡಿದುಕೊಂಡೇ ಸಾಗುವುದರಿಂದ ಒಂದು ಅಡಿ ಜಾಗವನ್ನು ಹತ್ತು ನಿಮಿಷ ನೋಡುತ್ತ ನಿಲ್ಲುವುದು ಸಾಧ್ಯವಾಗುವುದಿಲ್ಲ. ತರಬೇತಿಗೆ ಸೇರುವಾಗ ನಿಲ್ಲದೆ 200 ಮೀಟರ್ ಈಜುವುದನ್ನೂ ಹತ್ತು ನಿಮಿಷ ತೇಲುವುದನ್ನೂ ತೋರಿಸಬೇಕಾಗುತ್ತದೆ. ಇದನ್ನು ಮೈಸೂರಿನ ಯಾವುದಾದರೂ ಈಜುಕೊಳದಲ್ಲಿ, ಬೋಧಕರ ಮುಂದೆ ಅಭ್ಯಾಸ ಮಾಡಿ. ವಿಶ್ವೇಶ್ವರಯ್ಯ ನಾಲೆಯಲ್ಲಾಗಲಿ, ಕಾವೇರಿಯ ಸುಳಿಗಳಲ್ಲಾಗಲಿ ಅಭ್ಯಾಸಕ್ಕೆಂದು ಇಳಿಯಲೇಬೇಡಿ. ನಾಲೆಯ ಇಳಿಜಾರು ಗೋಡೆ ಪಾಚಿಗಟ್ಟಿ ಜಾರುತ್ತದೆ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಆಸ್ತಮಾ, ಕಿವಿ, ಸೈನಸ್ ಅಥವಾ ಹೃದಯದ ತೊಂದರೆ ಇರುವವರು ಮೊದಲು ವೈದ್ಯರ ಒಪ್ಪಿಗೆ ಪಡೆಯಬೇಕು.

ಇನ್ನುಳಿದಂತೆ ಒಂದು ಚಿಕ್ಕ ಟಾರ್ಚ್, ನೀರಿನಲ್ಲಿ ಬರೆಯಬಹುದಾದ ಪ್ಲಾಸ್ಟಿಕ್ ಸ್ಲೇಟು, ಅದಕ್ಕೆ ಅಂಟಿಸಿದ ಒಂದು ಅಳತೆಪಟ್ಟಿ ಇದ್ದರೆ ಸಾಕು. ಕ್ಯಾಮೆರಾವನ್ನು ಮೊದಲ ಕೆಲವು ಡೈವ್‌ಗಳಲ್ಲಿ ದಡದಲ್ಲೇ ಬಿಡಿ ಎಂಬುದು ನನ್ನ ಸಲಹೆ.

ಹಂತ 1: ಗದ್ದೆಯ ಬದುವಿನಲ್ಲಿ ಬಿಲವನ್ನು ಓದುವುದು

ಮಂಡ್ಯದ ರೈತರಿಗೆ ಏಡಿಯ ಬಿಲವೆಂದರೆ ತಲೆನೋವು. ನಮ್ಮೂರುಗಳಲ್ಲಿ ನಳ್ಳಿ ಎಂದೂ ಕರೆಯುವ ಈ ಗದ್ದೆ ಏಡಿ ಬದುವನ್ನು ತೂತು ಮಾಡಿದರೆ ಕಟ್ಟಿದ ನೀರು ರಾತ್ರೋರಾತ್ರಿ ಕೆಳಗಿನ ಗದ್ದೆಗೆ ಸೋರಿಹೋಗುತ್ತದೆ. ಆದ್ದರಿಂದಲೇ ಬದು ನೋಡಿಕೊಳ್ಳುವ ಹಿರಿಯರು ಯಾವ ಬಿಲದಲ್ಲಿ ಏಡಿ ಇದೆ, ಯಾವುದು ಖಾಲಿ ಎಂಬುದನ್ನು ನಿಂತಲ್ಲೇ ಹೇಳಬಲ್ಲರು. ನಾಟಿ ಮುಗಿದ ಮೇಲೆ ಒಂದು ಬೆಳಗ್ಗೆ ಅವರ ಜೊತೆಗೆ ನಡೆಯಿರಿ, ಬಿಲದ ಬಾಯಿಗೆ ಮುಖವೊಡ್ಡದೆ ಒಂದು ಮಾರು ದೂರದಲ್ಲಿ ಕುಕ್ಕರಗಾಲಲ್ಲಿ ಕುಳಿತು ನೋಡಿ.

ವಾಸವಿರುವ ಬಿಲದ ಬಾಯಿಯಲ್ಲಿ ಗೋಲಿಯಷ್ಟು ದಪ್ಪದ, ಇನ್ನೂ ಹಸಿಯಾಗಿ ಮಿನುಗುವ ಕೆಸರಿನ ಉಂಡೆಗಳು ಬಿದ್ದಿರುತ್ತವೆ. ಏಡಿ ಅಡ್ಡವಾಗಿ ನುಗ್ಗುವುದರಿಂದ ಬಾಯಿ ಸಾಮಾನ್ಯವಾಗಿ ಎತ್ತರಕ್ಕಿಂತ ಅಗಲ ಹೆಚ್ಚಿರುವ ಚಪ್ಪಟೆ ಆಕಾರದಲ್ಲಿರುತ್ತದೆ, ಅಂಚು ಓಡಾಟದಿಂದ ನುಣುಪಾಗಿರುತ್ತದೆ. ಇಲಿಯ ಬಿಲ ಬಹುತೇಕ ದುಂಡಗಿದ್ದು ಮುಂದೆ ಪುಡಿಮಣ್ಣಿನ ರಾಶಿ ಇರುತ್ತದೆ. ಜೇಡರಬಲೆ ಕಟ್ಟಿದ್ದರೆ, ಅಂಚಿನಲ್ಲಿ ಹುಲ್ಲು ಚಿಗುರಿದ್ದರೆ ಬಿಲ ಬಳಕೆಯಲ್ಲಿಲ್ಲ. ಈ ಮೂರೂ ಗುರುತುಗಳು ಸ್ವಲ್ಪ ರೂಪ ಬದಲಿಸಿ ಸಮುದ್ರತಳದಲ್ಲೂ ಸಿಗುತ್ತವೆ.

ಎಚ್ಚರಿಕೆ: ಬಿಲಕ್ಕೆ ಕೈ ಹಾಕಬೇಡಿ. ಏಡಿ ಬಿಟ್ಟುಹೋದ ಬಿಲದಲ್ಲಿ ಹಾವು ಸೇರಿಕೊಂಡಿರಬಹುದು. ಕೈ ಹಾಕದಿರುವ ಅಭ್ಯಾಸ ಇಲ್ಲಿ ರೂಢಿಯಾದರೆ ಸಮುದ್ರದಲ್ಲಿ ಅದು ನಿಮ್ಮ ಬೆರಳನ್ನು ಉಳಿಸುತ್ತದೆ.

ಗದ್ದೆ ಏಡಿಗೂ ಕಡಲೇಡಿಗೂ ಇರುವ ಒಂದು ದೊಡ್ಡ ವ್ಯತ್ಯಾಸ ತಿಳಿದಿರಲಿ. ಗದ್ದೆ ಏಡಿಯ ಮೊಟ್ಟೆಯೊಡೆದು ಹೊರಬರುವುದು ಪುಟ್ಟ ಏಡಿಯೇ. ತಾಯಿಯ ಹೊಟ್ಟೆಯಡಿಯ ಮಡಿಕೆಯಲ್ಲಿ ಕಡಲೆಗಿಂತ ಚಿಕ್ಕ ಮರಿಗಳು ಅಂಟಿಕೊಂಡಿರುವುದನ್ನು ನಿಮ್ಮಲ್ಲಿ ಕೆಲವರು ನೋಡಿಯೂ ಇರಬಹುದು. ಕಡಲೇಡಿಯ ಮೊಟ್ಟೆಯಿಂದ ಬರುವುದು ಜೋಯಿಯಾ ಎಂಬ, ಏಡಿಯ ಹೋಲಿಕೆಯೇ ಇಲ್ಲದ, ನೀರಿನಲ್ಲಿ ತೇಲುತ್ತ ಸಾಗುವ ಮರಿಹುಳು. ಅದು ಹಲವು ಸಲ ಪೊರೆ ಕಳಚಿ, ಮೆಗಲೋಪಾ ಎಂಬ ಬಾಲವುಳ್ಳ ಹಂತವನ್ನು ದಾಟಿ, ತಕ್ಕ ನೆಲ ಸಿಕ್ಕಲ್ಲಿ ಇಳಿದು ಏಡಿಯಾಗುತ್ತದೆ. ತಕ್ಕ ನೆಲ ಎಂಬ ಮಾತನ್ನು ನೆನಪಿಡಿ, ಮುಂದಿನ ಹಂತ ಅದರ ಮೇಲೆಯೇ ನಿಂತಿದೆ.

ಹಂತ 2: ನೆಲಕ್ಕೆ ತಕ್ಕ ಏಡಿಯನ್ನು ನಿರೀಕ್ಷಿಸುವುದು

ಬಿಲವಾಸಿ ಎಂದು ನಾವು ಸಡಿಲವಾಗಿ ಕರೆಯುವ ಏಡಿಗಳಲ್ಲಿ ಎರಡು ಬಗೆಗಳಿವೆ. ಒಂದು, ಬಾಯಿ, ಸುರಂಗ, ಕೋಣೆ ಇರುವ ನಿಜವಾದ ಬಿಲವನ್ನು ತೋಡಿ ಅದರಲ್ಲಿ ನೆಲೆಸುವವು. ಇನ್ನೊಂದು, ಬಿಲವಿಲ್ಲದೆ ಮರಳಿನಲ್ಲಿ ಹಿಮ್ಮುಖವಾಗಿ ಹೂತುಕೊಂಡು, ಎದ್ದು ಹೋದಾಗ ಗುರುತನ್ನೇ ಉಳಿಸದವು. ಯಾವ ಬಗೆ ಎಲ್ಲಿರಬೇಕೆಂಬುದನ್ನು ನಿರ್ಧರಿಸುವುದು ಮಣ್ಣಿನ ಕಣ. ಅಡುಗೆಮನೆಯಲ್ಲೇ ಇದನ್ನು ಪರೀಕ್ಷಿಸಬಹುದು: ಒಂದು ತಟ್ಟೆಯಲ್ಲಿ ದಪ್ಪ ರವೆ, ಇನ್ನೊಂದರಲ್ಲಿ ನೀರು ಚಿಮುಕಿಸಿ ಒತ್ತಿದ ರಾಗಿಹಿಟ್ಟು ಇಟ್ಟು, ಎರಡರಲ್ಲೂ ಬೆರಳಿನಿಂದ ತೂತು ಮಾಡಿ. ರವೆ ಕುಸಿದು ಮುಚ್ಚಿಕೊಳ್ಳುತ್ತದೆ, ಹಿಟ್ಟಿನ ತೂತು ನಿಲ್ಲುತ್ತದೆ. ನೀರಿನಡಿಯ ದಪ್ಪ ಮರಳಿನಲ್ಲಿ ಸುರಂಗ ನಿಲ್ಲದ ಕಾರಣ ಅಲ್ಲಿ ಹೂತುಕೊಳ್ಳುವ ಏಡಿಗಳೇ ಹೆಚ್ಚು. ನಮ್ಮ ಎರೆಮಣ್ಣಿನಂತೆ ಅಂಟುವ ಕೆಸರಿನಲ್ಲಿ ಬಿಲ ತೋಡುವವು ನೆಲೆಸುತ್ತವೆ.

ಕೆಸರಿನ ಬಿಲವಾಸಿಗೆ ಒಳ್ಳೆಯ ಉದಾಹರಣೆ ಈಶಾನ್ಯ ಅಟ್ಲಾಂಟಿಕ್ ಮತ್ತು ಮೆಡಿಟರೇನಿಯನ್ ಸಮುದ್ರದ ಗೋನಿಪ್ಲಾಕ್ಸ್ ರಾಂಬಾಯ್ಡಿಸ್. ಇದಕ್ಕೆ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ. ಮುಂಭಾಗದ ಎರಡೂ ಮೂಲೆಗಳಲ್ಲಿ ಮುಳ್ಳಿರುವ ಚಚ್ಚೌಕದಂಥ ಬೆನ್ನಚಿಪ್ಪು, ಉದ್ದನೆಯ ಕಣ್ಣುದಂಟು, ಗಂಡಿನಲ್ಲಿ ಮೈಗಿಂತ ಹಲವು ಪಟ್ಟು ಉದ್ದವಾದ ಕೊಂಡಿಗಳು ಇದರ ಗುರುತು. ಕೊಂಡಿ ಎಂದರೆ ಚಿಮಟದಂತೆ ಹಿಡಿಯುವ ಮೊದಲ ಜೊತೆ ಕಾಲು. ಇದರ ಬಿಲಕ್ಕೆ ಒಂದಕ್ಕಿಂತ ಹೆಚ್ಚು ಬಾಯಿಗಳಿರುತ್ತವೆ. ಬಿಲದೊಳಗೆ ದ್ರವರೂಪದ ರಾಳವನ್ನು ಸುರಿದು, ಗಟ್ಟಿಯಾದ ಮೇಲೆ ಅಗೆದು ತೆಗೆದು, ವಿಜ್ಞಾನಿಗಳು ಇದರ ಸುರಂಗದ ಆಕಾರವನ್ನು ತಿಳಿದುಕೊಂಡಿದ್ದಾರೆ. ಉದ್ಯೋಗಕ್ಕಾಗಿ ಯೂರೋಪಿನಲ್ಲಿರುವ ನಮ್ಮವರು ಅಲ್ಲಿ ಕೆಸರಿನ ತಳದ ಮೇಲೆ ಡೈವ್ ಮಾಡುವುದಾದರೆ ಇದನ್ನೇ ಹುಡುಕಬಹುದು.

ನಮ್ಮ ಅರಬ್ಬೀ ಸಮುದ್ರದ ಮರಳಿನಲ್ಲಿ ನಿರೀಕ್ಷಿಸಬೇಕಾದವು ಬೇರೆ. ಮಟೂಟ ಮತ್ತು ಅದರ ಹತ್ತಿರದ ಬಂಧುವಾದ ಅಷ್ಟೊರೆಟ್ ಕುಲದ ಏಡಿಗಳು ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕವು. ತಿಳಿ ಹಳದಿ ಮೈಮೇಲೆ ಕಂದುಗೆಂಪು ಚುಕ್ಕೆ ಅಥವಾ ಗೆರೆಗಳ ಜಾಲ, ಚಿಪ್ಪಿನ ಎರಡೂ ಬದಿಗೆ ಒಂದೊಂದು ಉದ್ದ ಮುಳ್ಳು. ಇವುಗಳ ನಡಿಗೆಯ ಕಾಲುಗಳೆಲ್ಲ ಹುಟ್ಟಿನಂತೆ ಚಪ್ಪಟೆಯಾಗಿವೆ, ದೋಣಿಯ ಹುಟ್ಟಾಗಿ ಈಜಲೂ ಸಲಿಕೆಯಾಗಿ ತೋಡಲೂ ಅವೇ ಸಾಕು. ಈಜುವ ಏಡಿಗಳಾದ ಪೋರ್ಟುನಸ್ ಬಳಗದಲ್ಲಿ ಕೊನೆಯ ಜೊತೆ ಕಾಲು ಮಾತ್ರ ಹೀಗೆ ಚಪ್ಪಟೆ. ಮೀನು ಮಾರುಕಟ್ಟೆಯಲ್ಲಿ ಬೆನ್ನ ಮೇಲೆ ಕಣ್ಣಿನಂಥ ಮೂರು ಕೆಂಗಂದು ಮಚ್ಚೆಗಳಿರುವ ಏಡಿಯನ್ನು ನೋಡಿದ್ದರೆ ಅದು ಇದೇ ಬಳಗದ್ದು, ಹಗಲೆಲ್ಲ ಮರಳಿನಲ್ಲಿ ಹೂತಿರುತ್ತದೆ. ಕಲಪ್ಪಾ ಕುಲದವು ಗುಮ್ಮಟದಂತೆ ಉಬ್ಬಿದ ಬೆನ್ನಿನವು, ಅಗಲವಾದ ಕೊಂಡಿಗಳೆರಡನ್ನೂ ಮುಖಕ್ಕೆ ಅಡ್ಡ ಹಿಡಿದು ಕುಳಿತಿರುತ್ತವೆ. ಕರಾವಳಿಯಲ್ಲಿ ವಿಚಾರಿಸುವಾಗ ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ ಎಂದರೆ ಬೇಗ ಅರ್ಥವಾಗುತ್ತದೆ.

ಹಂತ 3: ಕಾಲವನ್ನು ಆರಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಬ್ಬರದಲ್ಲಿ ನೇತ್ರಾಣಿಯಲ್ಲಿ ಡೈವಿಂಗ್ ನಡೆಯುವುದಿಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಹೋಗಬಹುದಾದರೂ ನೀರು ತಿಳಿಯಾಗಿರುವ ಡಿಸೆಂಬರ್, ಜನವರಿಗಳೇ ಈ ಕೆಲಸಕ್ಕೆ ಹೆಚ್ಚು ಅನುಕೂಲ. ದಿನವನ್ನು ಆರಿಸಲು ಗೋಡೆಯ ಪಂಚಾಂಗ ಸಾಕು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತಗಳ ಅಂತರ ಹೆಚ್ಚು, ಆದ್ದರಿಂದ ಇಳಿತದಲ್ಲಿ ಹೆಚ್ಚು ಮರಳು ತೆರೆದುಕೊಂಡು ದಡದ ವೀಕ್ಷಣೆಗೆ ಒಳ್ಳೆಯದು. ಅಷ್ಟಮಿಯ ಆಸುಪಾಸಿನಲ್ಲಿ ಅಂತರ ಕಡಿಮೆ, ನೀರಿನ ಸೆಳೆತವೂ ಸಾಮಾನ್ಯವಾಗಿ ಕಡಿಮೆ, ಡೈವ್‌ಗೆ ಆ ದಿನಗಳು ಮೇಲು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತಗಳಿದ್ದು, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ.

ಹಂತ 4: ನೀರಿಗಿಳಿಯುವ ಮುನ್ನ ದಡದಲ್ಲಿ ಒಂದು ಸಂಜೆ

ಮುರುಡೇಶ್ವರವನ್ನು ತಲುಪಿದ ಸಂಜೆಯೇ ದೋಣಿ ಹತ್ತುವ ಆತುರ ಬೇಡ. ಕತ್ತಲಾಗುವ ಹೊತ್ತಿಗೆ ಜನಸಂಚಾರ ಕಡಿಮೆಯಿರುವ ದಡದಲ್ಲಿ ಕುಳಿತರೆ ಆಸಿಪೋಡ್ ಕುಲದ ದಡದ ಏಡಿಗಳು ಬಿಲದಿಂದ ಹೊರಬರುವುದು ಕಾಣುತ್ತದೆ. ಇವು ನಿಜವಾದ ಬಿಲಗಾರರು, ದೊಡ್ಡ ಏಡಿಯ ಬಿಲ ಒಂದು ಮೀಟರ್‌ವರೆಗೂ ಇಳಿಯಬಹುದು. ಗಾಳಿಯನ್ನೇ ಉಸಿರಾಡಿದರೂ ಕಿವಿರುಗಳು ತೇವವಾಗಿರಬೇಕಾದ್ದರಿಂದ ಬಿಲದ ತಳ ಒದ್ದೆ ಮರಳನ್ನು ಮುಟ್ಟುವಂತಿರುತ್ತದೆ. ಸಾಮಾನ್ಯವಾಗಿ ಸಣ್ಣ ಬಿಲಗಳು ನೀರಿನಂಚಿಗೆ ಹತ್ತಿರ, ದೊಡ್ಡವು ಮೇಲೆ. ದಪ್ಪ ಮರಳು ನಿಲ್ಲುವುದಿಲ್ಲವೆಂದಿರಲ್ಲ, ಇದು ಹೇಗೆ ನಿಂತಿತು ಎಂದು ನೀವು ಕೇಳಬಹುದು. ಒದ್ದೆ ಮರಳಿನ ಕಣಗಳ ನಡುವಿನ ತೆಳು ನೀರು ಅವನ್ನು ಹಿಡಿದಿಡುತ್ತದೆ. ಅದೇ ಮರಳು ಪೂರ್ತಿ ನೀರಿನಡಿಗೆ ಹೋದರೆ ಆ ಹಿಡಿತ ತಪ್ಪುತ್ತದೆ.

ಮರುದಿನ ಬೆಳಗ್ಗೆ ಕೈರಂಪಣಿ ಬಲೆ ಎಳೆಯುತ್ತಿದ್ದರೆ, ಮೀನುಗಾರರ ಅನುಮತಿ ಕೇಳಿ, ಬಲೆಯ ತಳಕ್ಕೆ ಸಿಕ್ಕಿದ್ದನ್ನು ನೋಡಿ. ದಡದಿಂದ ಎಳೆಯುವ ಈ ಬಲೆ ಮರಳನ್ನು ಸವರಿಕೊಂಡು ಬರುವುದರಿಂದ ಮಟೂಟ ಏಡಿಗಳು ಅದರಲ್ಲಿ ಬರುವುದುಂಟು. ಒಂದನ್ನು ಒದ್ದೆ ಮರಳಿನ ಮೇಲೆ, ತೆಳುವಾಗಿ ನೀರು ಹರಿಯುವಲ್ಲಿ ಬಿಟ್ಟು ನೋಡಿ. ಮೊದಲು ಹಿಂಭಾಗ ತಗ್ಗುತ್ತದೆ, ಕಾಲುಗಳು ಪಕ್ಕಕ್ಕೆ ಮರಳೆಸೆಯುತ್ತವೆ, ಮೈ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಅಲುಗಾಡುತ್ತದೆ. ಕೆಲವೇ ಕ್ಷಣಗಳಲ್ಲಿ ಮುಂದಿನ ಅಂಚು, ಎರಡು ಕಣ್ಣು, ಅವುಗಳ ನಡುವೆ ಮಿಡಿಯುವ ಚಿಕ್ಕ ಮೀಸೆಗಳು ಮಾತ್ರ ಉಳಿಯುತ್ತವೆ. ಡೈವ್‌ನಲ್ಲಿ ನೀವು ಹುಡುಕಬೇಕಾದ ಚಿತ್ರ ಇದೇ, ಕಣ್ಣಿನಲ್ಲಿ ಚೆನ್ನಾಗಿ ತುಂಬಿಕೊಳ್ಳಿ.

ಹಂತ 5: ತಳವನ್ನು ಕದಡದೆ ಹತ್ತಿರ ಹೋಗುವುದು

ಏಡಿ ಕಾಣದಿರಲು ಅತಿ ಸಾಮಾನ್ಯ ಕಾರಣ ನಮ್ಮ ಕಾಲು. ಈಜುರೆಕ್ಕೆಗಳನ್ನು ಮೇಲೆ ಕೆಳಗೆ ಬಡಿದರೆ ತಳದ ನಯವಾದ ಹೂಳು ಮೋಡದಂತೆ ಏಳುತ್ತದೆ, ಏಡಿ ಇನ್ನೂ ಒಳಗೆ ಸರಿಯುತ್ತದೆ, ಮುಂದಿನ ಕೆಲವು ನಿಮಿಷ ಏನೂ ಕಾಣುವುದಿಲ್ಲ. ಬಾಯನ್ಸಿ, ಅಂದರೆ ಮುಳುಗದೆ ಮೇಲೇರದೆ ಒಂದೇ ಎತ್ತರದಲ್ಲಿ ನಿಲ್ಲುವ ಹಿಡಿತ, ಈ ವೀಕ್ಷಣೆಯ ಅಡಿಪಾಯ. ಇಳಿಯುವ ಮುನ್ನ ಸೊಂಟಕ್ಕೆ ಕಟ್ಟುವ ಸೀಸದ ತೂಕ ಸರಿಯಿದೆಯೇ ಎಂದು ಬೋಧಕರೊಂದಿಗೆ ಪರೀಕ್ಷಿಸಿ, ಹೊಸಬರು ಅಗತ್ಯಕ್ಕಿಂತ ಹೆಚ್ಚು ಸೀಸ ಕಟ್ಟಿಕೊಂಡು ತಳಕ್ಕೆ ಕುಸಿಯುವುದೇ ಹೆಚ್ಚು. ಕಾಲನ್ನು ಮಂಡಿಯಲ್ಲಿ ಮಡಿಸಿ, ಪಾದವನ್ನು ಮೇಲಕ್ಕೆತ್ತಿ, ಕಪ್ಪೆಯಂತೆ ಪಕ್ಕಕ್ಕೆ ಒದೆಯುವುದನ್ನು ಈಜುಕೊಳದಲ್ಲೇ ರೂಢಿಸಿಕೊಳ್ಳಿ.

ನೇತ್ರಾಣಿಯ ಸುತ್ತ ಬಂಡೆಗಳೇ ಪ್ರಧಾನ. ಬಂಡೆಯ ಬುಡ ಮುಗಿದು ಮರಳು ಆರಂಭವಾಗುವ ಅಂಚಿನಲ್ಲಿ ನಿಲ್ಲಿ. ಸೆಳೆತಕ್ಕೆ ಎದುರಾಗಿ ಮುಖ ಮಾಡಿದರೆ ನೀವು ಎಬ್ಬಿಸಿದ ಹೂಳು ಹಿಂದಕ್ಕೆ ಹೋಗುತ್ತದೆ. ತಳದಿಂದ ಅರ್ಧ ಮೀಟರ್ ಮೇಲಿರಲಿ. ಮರಳಿನ ಮೇಲೆ ಮಂಡಿಯೂರುವುದಾಗಲಿ, ಬೆರಳೂರುವುದಾಗಲಿ ಬೇಡ. ತೊರಕೆ ಮೀನು, ಚೇಳುಮೀನು, ವಿಷದ ಬಾಣವಿರುವ ಶಂಕು ಬಸವನಹುಳು, ಇವೆಲ್ಲ ಅದೇ ಮರಳನ್ನೇ ಹಂಚಿಕೊಂಡಿವೆ.

ಹಂತ 6: ಗುರುತುಗಳನ್ನು ಓದಿ ಕಾಯುವುದು

ಎರಡು ಮೀಟರ್ ಅಗಲದ ಒಂದು ತುಂಡು ನೆಲವನ್ನು ಮನಸ್ಸಿನಲ್ಲಿ ಗುರುತಿಸಿಕೊಂಡು, ಬದುವಿನಲ್ಲಿ ನೋಡಿದಂತೆ ಅಂಚಿನಿಂದ ಅಂಚಿಗೆ ಕಣ್ಣಾಡಿಸಿ. ಮೊದಲ ಗುರುತು, ಒಂದೇ ಎತ್ತರದಲ್ಲಿ ಪಕ್ಕಪಕ್ಕ ನಿಂತ ಎರಡು ಚುಕ್ಕೆಗಳು. ಚಿಪ್ಪಿನ ಚೂರುಗಳು ಹಾಗೆ ಜೋಡಿಯಾಗಿ ನಿಲ್ಲುವುದು ಅಪರೂಪ. ಎರಡನೆಯದು ಉಸಿರು. ಏಡಿ ಸಾಮಾನ್ಯವಾಗಿ ಕೊಂಡಿಗಳ ಬುಡದಿಂದ ನೀರನ್ನು ಒಳಗೆಳೆದು, ಕಿವಿರುಗಳ ಮೇಲೆ ಹರಿಸಿ, ಬಾಯಿಯ ಪಕ್ಕದಿಂದ ಹೊರಬಿಡುತ್ತದೆ. ಹೂತಿರುವಾಗ ಮರಳು ಒಳಹೋಗದಂತೆ ರೋಮಗಳು ಸೋಸುತ್ತವೆ, ಆಗಾಗ ಹರಿವಿನ ದಿಕ್ಕನ್ನೇ ತಿರುಗಿಸಿ ಅದು ಒಳಗಿನ ಕಸವನ್ನು ತೊಳೆಯುತ್ತದೆ. ಆಗ ನೀರು ಅಲುಗದಿದ್ದರೂ ಒಂದೇ ಜಾಗದಲ್ಲಿ ನಾಲ್ಕಾರು ಮರಳಿನ ಕಣಗಳು ಪುಟಿಯುತ್ತವೆ, ನಿಲ್ಲುತ್ತವೆ, ಮತ್ತೆ ಪುಟಿಯುತ್ತವೆ. ಕುದಿಯಲಾರಂಭಿಸಿದ ಅನ್ನದ ಎಸರಿನ ಮೇಲೆ ಒಂದೆರಡು ಅಕ್ಕಿಕಾಳು ಕುಣಿದಂತೆ ಕಾಣುವ ಆ ಅಲುಗಾಟವನ್ನು ಒಮ್ಮೆ ಗುರುತಿಸಿದರೆ ಮುಂದಿನ ಡೈವ್‌ಗಳಲ್ಲಿ ಅದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಕಲಪ್ಪಾ ಇದ್ದಲ್ಲಿ ಅದರ ಊಟದ ಎಂಜಲು ಸಿಗುತ್ತದೆ. ಇದರ ಬಲಗೊಂಡಿಯಲ್ಲಿ ಡಬ್ಬಿ ತೆರೆಯುವ ಉಪಕರಣದಂಥ ಒಂದು ಹಲ್ಲಿದೆ. ಬಸವನಹುಳುವಿನ ಚಿಪ್ಪಿನ ಬಾಯಂಚನ್ನು ಅದರಿಂದ ಹಿಡಿದು, ಸುರುಳಿಯ ಗುಂಟ ಚೂರು ಚೂರಾಗಿ ಮುರಿಯುತ್ತ ಒಳಗಿನ ಜೀವಿಯನ್ನು ತಲುಪುತ್ತದೆ. ಬಹುಪಾಲು ಬಸವನಹುಳುಗಳ ಸುರುಳಿ ಬಲಕ್ಕೇ ತಿರುಗಿರುವುದರಿಂದ ಬಲಗೊಂಡಿಯಲ್ಲೇ ಹಲ್ಲಿರುವುದು ಅದಕ್ಕೆ ಅನುಕೂಲ. ಕಿತ್ತಳೆ ಸಿಪ್ಪೆಯನ್ನು ಸುತ್ತ ಸುಲಿದು ಬಿಟ್ಟಂತೆ ಸುರುಳಿಯುದ್ದಕ್ಕೂ ಒಡೆದ ಚಿಪ್ಪು ಕಂಡರೆ ಹತ್ತಿರದಲ್ಲೇ ನಿಲ್ಲಿ. ಚಿಪ್ಪನ್ನು ಮಾತ್ರ ಎತ್ತಿ ತರಬೇಡಿ. ಹವಳಗಳೂ ಕೆಲವು ಚಿಪ್ಪುಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತವಾಗಿವೆ, ಮೇಲಾಗಿ ಖಾಲಿ ಚಿಪ್ಪು ಸನ್ಯಾಸಿ ಏಡಿಯ ಮುಂದಿನ ಮನೆ.

ಮೋಸಹೋಗುವ ಸಂದರ್ಭಗಳೂ ಇವೆ. ಬಿಲದ ಬಾಯಲ್ಲಿ ಬೆರಳುದ್ದದ ಮೀನೊಂದು ಕಾವಲು ನಿಂತಿದ್ದು, ಒಳಗಿನಿಂದ ಯಾರೋ ಮರಳನ್ನು ತಳ್ಳಿ ತಂದು ಸುರಿಯುತ್ತಿದ್ದರೆ ಅದು ಏಡಿಯಲ್ಲ, ಚಿಟಿಕೆ ಸೀಗಡಿ. ದೃಷ್ಟಿ ಮಂದವಾದ ಸೀಗಡಿ ಬಿಲ ತೋಡುತ್ತದೆ, ಗೋಬಿ ಮೀನು ಅಪಾಯದ ಸುಳಿವು ಕೊಡುತ್ತದೆ, ಇಬ್ಬರೂ ಒಂದೇ ಬಿಲದಲ್ಲಿ ಬಾಳುತ್ತಾರೆ. ಅಚ್ಚುಕಟ್ಟಾದ ದುಂಡು ಬಾಯಿಯಿಂದ ಎರಡು ದೊಡ್ಡ ಕಣ್ಣುಗಳು ಬೇರೆ ಬೇರೆ ದಿಕ್ಕಿಗೆ ತಿರುಗುತ್ತಿದ್ದರೆ ಅದು ಮ್ಯಾಂಟಿಸ್ ಸೀಗಡಿ. ಅದರ ಹೊಡೆತಕ್ಕೆ ಬೆರಳು ಸೀಳಿಹೋಗಬಹುದು.

ಕಂಡ ಮೇಲೆ ಟಾರ್ಚನ್ನು ನೇರವಾಗಿ ಕಣ್ಣಿಗೆ ಹಾಯಿಸದೆ, ಬೆಳಕಿನ ಅಂಚು ಮಾತ್ರ ತಾಗುವಂತೆ ಹಿಡಿಯಿರಿ. ಕೋಲಿನಿಂದ ಎಬ್ಬಿಸುವವರನ್ನು ದಯವಿಟ್ಟು ತಡೆಯಿರಿ. ಪೊರೆ ಕಳಚಿದ ಹೊಸತರಲ್ಲಿ ಏಡಿಯ ಮೈ ಹಸಿ ಚರ್ಮದಂತೆ ಮೃದುವಾಗಿರುತ್ತದೆ, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದು ಅಡಗಿರುವುದು ಪ್ರಾಣ ಉಳಿಸಿಕೊಳ್ಳಲು. ಆಗ ಹೊರಗೆಳೆದರೆ ಪಕ್ಕದ ಮೀನಿಗೆ ಆಹಾರವಾಗುತ್ತದೆ.

ಈ ಹಂತದ ದೊಡ್ಡ ಅಪಾಯ ಮೈಮರೆವು. ಪ್ರತಿ ಮೂರು ನಿಮಿಷಕ್ಕೊಮ್ಮೆ ಗಾಳಿಯ ಮಾಪಕವನ್ನೂ ಜೊತೆಗಾರರನ್ನೂ ನೋಡಿ. ಮೇಲೆ ಬಂದಾಗ ಸಿಲಿಂಡರಿನಲ್ಲಿ ಕನಿಷ್ಠ 50 ಬಾರ್ ಗಾಳಿ ಉಳಿದಿರಬೇಕು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತೇ ಮೇಲೇರಬೇಕು. ಕಣಗಳು ಕದಡದಿರಲಿ ಎಂದು ಉಸಿರು ಬಿಗಿಹಿಡಿಯುವವರನ್ನು ನೋಡಿದ್ದೇನೆ. ಸ್ಕೂಬಾದಲ್ಲಿ ಉಸಿರು ಬಿಗಿಹಿಡಿದು ಮೇಲೇರಿದರೆ ಶ್ವಾಸಕೋಶ ಹರಿಯಬಹುದು.

ಹಂತ 7: ಬರೆದಿಡುವುದು

ಆಳ, ಸಮಯ, ತಳ ರವೆಯಂತಿತ್ತೋ ಹಿಟ್ಟಿನಂತಿತ್ತೋ, ಬಿಲವಿದ್ದರೆ ಬಾಯಿಯ ಅಗಲ, ಏಡಿಯ ಕಾಲುಗಳಲ್ಲಿ ಎಷ್ಟು ಜೊತೆ ಚಪ್ಪಟೆಯಾಗಿದ್ದವು, ಇಷ್ಟನ್ನು ನೀರಿನಲ್ಲೇ ಸ್ಲೇಟಿಗೆ ಗೀಚಿ. ಹೊಟ್ಟೆಯಡಿಯ ಮಡಿಕೆ ಕಂಡರೆ ಅದನ್ನೂ ಗುರುತಿಸಿ: ಕಿರಿದಾಗಿದ್ದರೆ ಗಂಡು, ಅಗಲವಾಗಿ ದುಂಡಗಿದ್ದರೆ ಬೆಳೆದ ಹೆಣ್ಣು. ಕುಲದ ಹೆಸರಿಗೇ ನಿಲ್ಲಿಸಿ, ಪ್ರಭೇದವನ್ನು ಒಂದು ನೋಟದಿಂದ ಹೇಳಲು ಹೋಗಬೇಡಿ.

ಹಂತ 8: ಘಟ್ಟ ಹತ್ತುವ ಮುನ್ನ ಕಾಯುವುದು

ಕರಾವಳಿಯವರಿಗೆ ಬೇಡದ, ನಮ್ಮ ಕಡೆಯವರು ಮರೆಯಬಾರದ ಹಂತವಿದು. ಡೈವ್‌ನಲ್ಲಿ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕ ಹೊರಹೋಗಲು ಗಂಟೆಗಳು ಬೇಕು. ಅದಕ್ಕೂ ಮೊದಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ, ಅದು ಗುಳ್ಳೆಗಳಾಗಿ ಕೀಲು, ನರಗಳನ್ನು ಬಾಧಿಸಬಹುದು. ವಿಮಾನ ಪ್ರಯಾಣಕ್ಕೆ ಮುನ್ನ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನಗಳ ಡೈವ್ ಆಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕೆಂಬುದು ಡೈವರ್‌ಗಳು ಪಾಲಿಸುವ ಸೂಚನೆ. ಈ ಸೂಚನೆ ಸುಮಾರು 600 ಮೀಟರ್‌ನಿಂದ 2,400 ಮೀಟರ್ ಎತ್ತರಕ್ಕೆ ಸಮನಾದ ಒತ್ತಡಕ್ಕೆ ಅನ್ವಯಿಸುತ್ತದೆ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್, ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿವೆ, ಮಡಿಕೇರಿಯ ದಾರಿ ಹಿಡಿದರೆ ಸಾವಿರ ಮೀಟರ್ ದಾಟುತ್ತೀರಿ. ಮಧ್ಯಾಹ್ನ ದೋಣಿಯಿಂದ ಇಳಿದು ಸಂಜೆಯ ಬಸ್ಸಿಗೆ ಘಟ್ಟ ಹತ್ತುವ ಯೋಜನೆಯನ್ನು ಆದ್ದರಿಂದ ಕೈಬಿಡಿ. ಆ ರಾತ್ರಿ ಕರಾವಳಿಯಲ್ಲೇ ಉಳಿದು, ಚೆನ್ನಾಗಿ ನೀರು ಕುಡಿದು, ಮದ್ಯವನ್ನು ದೂರವಿಟ್ಟು, ಕೊನೆಯ ಡೈವ್‌ನಿಂದ ಗಂಟೆಗಳನ್ನು ಎಣಿಸಿ ಮರುದಿನ ಹೊರಡಿ. ಕೀಲುನೋವು, ಜೋಮು, ವಿಪರೀತ ಆಯಾಸ ಅಥವಾ ತಲೆಸುತ್ತು ಕಂಡರೆ ಪ್ರಯಾಣ ಮುಂದುವರಿಸದೆ ಆಸ್ಪತ್ರೆಗೆ ಹೋಗಿ, ಡೈವ್ ಮಾಡಿದ್ದೇನೆ ಎಂಬುದನ್ನು ಮೊದಲ ಮಾತಿನಲ್ಲೇ ವೈದ್ಯರಿಗೆ ತಿಳಿಸಿ, ಆಮ್ಲಜನಕ ಕೊಡುವಂತೆ ಕೇಳಿ.